ಇರ್ಲಿ ಬಿಡು, ಬೇಕಾಗುತ್ತೆ!

ನಮ್ಮ ಮನೆಯ ಕೆಳಗಿನ ಕೋಣೆಗೆ ಹೆಂಡತಿ ಇಟ್ಟ ಹೆಸರು ‘ಗೋಡೌನು’. ಮಗಳು ಇಟ್ಟ ಹೆಸರು ‘ಮ್ಯೂಸಿಯಂ’. ನಾನು ಮಾತ್ರ ‘ಸಿಸ್ಟಂ ರೂಮು’ ಅಂತಲೇ ಕರೆಯುತ್ತಿದ್ದೆ. ಹೆಸರು ಏನೇ ಇರಲಿ, ಆ ಕೋಣೆಯ ಬಾಗಿಲು ಪೂರ್ತಿ ತೆರೆದು ವರ್ಷಗಳೇ ಆಗಿದ್ದವು. ಹಿಂದೆ ಒಂದು ಮಾನಿಟರು ಅಡ್ಡ ನಿಂತಿತ್ತು. ಮೈ ಓರೆ ಮಾಡಿಕೊಂಡು ಒಳಗೆ ಹೋಗಬೇಕು, ಹಾಗೇ ಹೊರಗೆ ಬರಬೇಕು.

2024ರ ಜುಲೈನಲ್ಲಿ ಅಮ್ಮನಿಗೆ ಮೊಣಕಾಲು ನೋವು ಜಾಸ್ತಿಯಾಯಿತು. ವಯಸ್ಸು 82. ಮಹಡಿ ಮೆಟ್ಟಿಲು ಹತ್ತಲೇಬೇಡಿ ಅಂದರು ಡಾಕ್ಟರು.

“ರೀ, ಅತ್ತೆನ್ನ ಕೆಳಗೆ ಮಲಗಿಸ್ಬೇಕು. ಆ ರೂಮು ಖಾಲಿ ಮಾಡ್ರಿ” ಅಂದಳು ಹೆಂಡತಿ.

“ಈ ಭಾನುವಾರ ಮಾಡ್ತೀನಿ” ಅಂದೆ.

ಆ ಭಾನುವಾರ ಬಂತು, ಹೋಯಿತು. ಅಮ್ಮ ಹಾಲಿನಲ್ಲಿ ಟಿ.ವಿ. ಮುಂದಿನ ದಿವಾನದ ಮೇಲೆ ಮಲಗತೊಡಗಿದಳು. ರಾತ್ರಿ ಎದ್ದರೆ ಗೋಡೆ ಹಿಡಿದುಕೊಂಡು ಇಡೀ ಹಾಲು ದಾಟಿ, ಅಡುಗೆಮನೆ ದಾಟಿ, ಹಿಂದಿನ ಬಚ್ಚಲಿಗೆ ಹೋಗಬೇಕು. ಕೋಣೆಗೆ ಅಂಟಿಕೊಂಡೇ ಒಂದು ಬಾತ್‌ರೂಮು ಇದೆ. ಅದರಲ್ಲಿ ನನ್ನ ಪ್ರಿಂಟರುಗಳು ಇದ್ದವು.

ನಗಬೇಡಿ. ನಿಮ್ಮ ಮನೆಯ ಅಟ್ಟದಲ್ಲೋ ಮಂಚದ ಕೆಳಗೋ ಹಳೇ ಚಾರ್ಜರುಗಳ ಒಂದು ಡಬ್ಬಿಯಾದರೂ ಇದ್ದೇ ಇರುತ್ತೆ. ನನ್ನದು ಸ್ವಲ್ಪ ದೊಡ್ಡದು ಅಷ್ಟೆ.

ಸಾಮಾನಿನ ಪಟ್ಟಿ

ಒಂದು ದಿನ ಮಗಳು ಬೆಂಗಳೂರಿನಿಂದ ಬಂದವಳು ನೋಟ್‌ಬುಕ್ ಹಿಡಿದು ಎಣಿಸಿದಳು. ಸಿಪಿಯು 7. ಹೊಟ್ಟೆ ದಪ್ಪಗಿನ ಹಳೇ ಮಾನಿಟರು 5. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು 3, ಇಂಕಿನದು 2. ಯುಪಿಎಸ್ 4. ಕೀಬೋರ್ಡು 14, ಅದರಲ್ಲಿ ‘ಎ’ ಅಕ್ಷರ ಅಳಿಸಿಹೋಗದೇ ಇದ್ದದ್ದು ಎರಡೇ. ಡಯಲ್-ಅಪ್ ಮೋಡೆಮ್ 2. ಎಸ್‌ಟಿಡಿ ಬೂತಿನ ಕೆಂಪು ಅಂಕಿ ಮಿನುಗುವ ಬಿಲ್ಲಿಂಗ್ ಮಷೀನು 1. ಫ್ಲಾಪಿಗಳ ಡಬ್ಬಿ 3. ಆಮೇಲೆ ಎರಡು ಸೂಟ್‌ಕೇಸು ತುಂಬ ವಯರು.

“ಅಪ್ಪಾ, ಈ ವಯರುಗಳ್ನ ಎಣಿಸಕ್ಕೆ ನನ್ ಕೈಲಾಗಲ್ಲ” ಅಂತ ಪೆನ್ನು ಮುಚ್ಚಿಟ್ಟಳು.

ಆದರೆ ನನಗೆ ಒಂದೊಂದೂ ಗೊತ್ತು. ನೀಲಿ ಮೂತಿಯದು ಮಾನಿಟರಿನ ವಿಜಿಎ. ಹೆಬ್ಬೆರಳು ದಪ್ಪದ್ದು ಹಳೇ ಪ್ರಿಂಟರಿನದು. ಪಟ್ಟಿಯ ಹಾಗೆ ಅಗಲವಾಗಿ ಇರುವುದು ಹಾರ್ಡ್ ಡಿಸ್ಕಿನ ಐಡಿಇ ಕೇಬಲ್. ನೇರಳೆ ಪಿನ್ನು ಕೀಬೋರ್ಡಿಗೆ, ಹಸಿರು ಪಿನ್ನು ಮೌಸಿಗೆ. ಒಂದನ್ನೂ ಎಸೆಯಲಾರೆ. ಎಸೆಯಲು ಕೈ ಎತ್ತಿದಾಗೆಲ್ಲ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು: “ಇರ್ಲಿ ಬಿಡು, ಬೇಕಾಗುತ್ತೆ.”

ಇಷ್ಟೆಲ್ಲ ಸೇರಿದ್ದು ಹೇಗೆ?

ಟಿ.ಬಿ. ಡ್ಯಾಮಿನಲ್ಲಿ ನಾನು 1998ರಲ್ಲಿ ಅಂಗಡಿ ತೆರೆದೆ. ಎಸ್‌ಟಿಡಿ, ಝೆರಾಕ್ಸ್, ಜಾಬ್ ಟೈಪಿಂಗ್, ಆಮೇಲೆ ಕಂಪ್ಯೂಟರ್ ಕ್ಲಾಸು. ಮೊದಲನೇ ಕಂಪ್ಯೂಟರಿಗೆ, ಪ್ರಿಂಟರೂ ಸೇರಿ, ಕೊಟ್ಟದ್ದು 58 ಸಾವಿರ. ಬ್ಯಾಂಕ್ ಸಾಲ. ಅದರ ಕಂತು ತೀರಿಸಲು ನಾಲ್ಕು ವರ್ಷ ಬೇಕಾಯಿತು. ಕಂತು ಮುಗಿದ ತಿಂಗಳು ಆ ಯಂತ್ರಕ್ಕೆ ಪೇಟೆಯಲ್ಲಿ ಎರಡು ಸಾವಿರ ಕೊಡುವವರೂ ಇರಲಿಲ್ಲ. ಈಗ ಗುಜರಿಯವನು ಬಂದು ತಕ್ಕಡಿಗೆ ಹಾಕಿ “ಮುನ್ನೂರು ಕೊಡ್ತೀನಿ ಅಣ್ಣಾ” ಅಂದರೆ ಹೊಟ್ಟೆ ಉರಿಯುತ್ತೆ. ಅವನು ತೂಗುವುದು ತಗಡು, ನನಗೆ ಕಾಣುವುದು ನಾಲ್ಕು ವರ್ಷದ ಕಂತು. ಹಳೆಯದನ್ನು ಇಟ್ಟುಕೊಳ್ಳುವವರಲ್ಲಿ ಬಹಳ ಜನರ ಕಥೆ ಇದೇ ಅಂತ ನನಗೆ ಅನ್ನಿಸುತ್ತೆ.

ಉಳಿದ ಯಂತ್ರಗಳು ಬಂದದ್ದು ಗಣಿಯ ಕಾಲದಲ್ಲಿ. 2004ರಿಂದ ಮುಂದೆ ಚೀನಾದಲ್ಲಿ ಅದಿರಿಗೆ ಬೇಡಿಕೆ ಏರಿದಾಗ ಹೊಸಪೇಟೆ, ಸಂಡೂರು ರಸ್ತೆಗಳಲ್ಲಿ ಕೆಂಪು ಧೂಳು, ಲಾರಿಗಳ ಸಾಲು. ಗಲ್ಲಿಗೊಂದು ಟ್ರಾನ್ಸ್‌ಪೋರ್ಟ್ ಆಫೀಸು. ಪ್ರತಿ ಆಫೀಸಿಗೂ ಕಂಪ್ಯೂಟರು, ಲಾರಿಯ ಚೀಟಿ ಹೊಡೆಯಲು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ನನ್ನ ಹತ್ತಿರ ಕಲಿತ ಹುಡುಗರು ಅಲ್ಲೆಲ್ಲ ಆಪರೇಟರುಗಳಾದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನೋಡನೋಡುತ್ತ ಆಫೀಸುಗಳು ಬೀಗ ಹಾಕಿದವು. ಬಾಡಿಗೆ ಕಟ್ಟಲಾಗದವರು ಸಿಸ್ಟಂಗಳನ್ನು ಸಿಕ್ಕಷ್ಟಕ್ಕೆ ಕೊಟ್ಟರು. ನಾನು ನಾಲ್ಕು ತಂದೆ. ಒಬ್ಬ ಶಿಷ್ಯ “ಸರ್, ಇಟ್ಕೊಂಡಿರಿ, ಗಣಿ ಶುರುವಾದ್ರೆ ವಾಪಸ್ ತಗೊಳ್ತೀನಿ” ಅಂತ ಪ್ರಿಂಟರು ಬಿಟ್ಟುಹೋದ. ಗಣಿ ಮತ್ತೆ ಶುರುವಾಯಿತು. ಅವನು ಬರಲಿಲ್ಲ. ಪ್ರಿಂಟರು ಬಾತ್‌ರೂಮಿನಲ್ಲೇ ಉಳಿಯಿತು.

2016ರಲ್ಲಿ ಅಂಗಡಿ ಮುಚ್ಚಿದೆ. ಎಲ್ಲವನ್ನೂ ಮನೆಗೆ ತಂದೆ.

ಡ್ಯಾಮಿನ ಊರಿನವರಿಗೆ ಹೂಳು ಅಂದರೇನು ಅಂತ ಹೇಳಿಕೊಡಬೇಕಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಈಗ 105ರ ಆಸುಪಾಸು. ಐದರಲ್ಲಿ ಒಂದು ಪಾಲು ಜಾಗವನ್ನು ಹೂಳು ನುಂಗಿದೆ. ಹೂಳು ಒಂದೇ ದಿನ ಬರುವುದಿಲ್ಲ. ಪ್ರತಿ ಮಳೆಗಾಲಕ್ಕೆ ಒಂದಿಷ್ಟು, ಮೇಲಿನಿಂದ ನೋಡಿದರೆ ಕಾಣದ ಹಾಗೆ. ನಮ್ಮ ಮನೆಗೂ ಹೀಗೇ ತುಂಬಿದ್ದು.

19ನೇ ಗೇಟು, ಒಂದು ಫೋನು

ಆಗಸ್ಟ್ 10, ಶನಿವಾರ ರಾತ್ರಿ. ಡ್ಯಾಮಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಇಡೀ ರಾಜ್ಯಕ್ಕೆ ನಮ್ಮ ಊರಿನ ಹೆಸರು ಗೊತ್ತಾಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ತುಂಬಿದ್ದ ಕೆರೆ ಕಣ್ಣೆದುರಿಗೇ ಖಾಲಿಯಾಗುವುದನ್ನು ನೋಡುತ್ತ ನಿಂತ ರೈತರ ಮುಖ ನೆನೆಸಿಕೊಂಡರೆ ಈಗಲೂ ಸಂಕಟ. ನಿವೃತ್ತರಾಗಿದ್ದ ಗೇಟ್ ತಜ್ಞ ಕನ್ಹಯ್ಯ ನಾಯ್ಡು ಅವರನ್ನು ಕರೆಸಿದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದೊಳಗೆ ನೀರು ನಿಲ್ಲಿಸಿದರು.

ಆ ವಾರದಲ್ಲೇ ಬೆಂಗಳೂರಿನಿಂದ ಒಂದು ಫೋನು ಬಂತು.

“ಅಂಕಲ್, ನಾನು ಸ್ಟೀಲ್ ಪ್ರಾಡಕ್ಟ್ಸ್‌ನಲ್ಲಿದ್ದ ಮೇಸ್ತ್ರಿ ಮಗ. ಅಪ್ಪ ನಿಮ್ಮ ಅಂಗಡೀಲಿ ಏನೋ ಟೈಪ್ ಮಾಡಿಸ್ತಿದ್ರಲ್ಲ, ಅದು ನಿಮ್ಮತ್ರ ಇದೆಯಾ?”

ತಕ್ಷಣ ನೆನಪಾಯಿತು. ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಅಂದರೆ ಡ್ಯಾಮುಗಳಿಗೆ ಗೇಟು ಮಾಡಿಕೊಡುತ್ತಿದ್ದ ನಮ್ಮೂರಿನ ಕಾರ್ಖಾನೆ. 2015ರಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು. ಅಲ್ಲಿ ಫಿಟ್ಟರ್ ಆಗಿ ಸೇರಿ ಮೇಸ್ತ್ರಿಯಾಗಿ ನಿವೃತ್ತರಾದ ಹಿರಿಯರೊಬ್ಬರು 2003–04ರಲ್ಲಿ ದಿನಾ ಸಂಜೆ ನಾಲ್ಕಕ್ಕೆ ನನ್ನ ಅಂಗಡಿಗೆ ಬರುತ್ತಿದ್ದರು. ಕೈಯಲ್ಲಿ ಗೆರೆ ಹಾಕಿದ ನೋಟ್‌ಬುಕ್. ತಮ್ಮ ಕೆಲಸದ ನೆನಪುಗಳನ್ನು ಅದರಲ್ಲಿ ಬರೆದಿದ್ದರು. ಅವರು ಓದುವುದು, ನಾನು ಟೈಪ್ ಮಾಡುವುದು. ಒಟ್ಟು ಐದು ಅಧ್ಯಾಯ. ಪುಟಕ್ಕೆ ಎಂಟು ರೂಪಾಯಿ ಲೆಕ್ಕ. ಒಂದು ಸಲ ಪ್ರಿಂಟ್ ತೆಗೆಸಿಕೊಂಡರು. ಪುಸ್ತಕ ಮಾಡಬೇಕು ಅನ್ನುತ್ತಿದ್ದರು, ಆಗಲಿಲ್ಲ. 2019ರಲ್ಲಿ ತೀರಿಕೊಂಡರು. ನೋಟ್‌ಬುಕ್ಕೂ ಪ್ರಿಂಟೂ ಇದ್ದ ಟ್ರಂಕಿಗೆ ಗೆದ್ದಲು ಹಿಡಿದು ಎಲ್ಲಾ ಪುಡಿಯಾಯಿತಂತೆ. ಟಿ.ವಿ.ಯಲ್ಲಿ ಚೈನು, ಗೇಟು, ಸ್ಟಾಪ್‌ಲಾಗ್ ಅನ್ನುವ ಮಾತು ಕೇಳುತ್ತಲೇ ಮಗನಿಗೆ ಅಪ್ಪನ ಬರಹ ನೆನಪಾಗಿದೆ.

“ಇದ್ದೇ ಇರುತ್ತಪ್ಪ. ನಾನು ಏನನ್ನೂ ಎಸೆದವನಲ್ಲ” ಅಂದೆ. ಹೆಂಡತಿಯ ಕಡೆ ತಿರುಗಿ ನೋಡಿದೆ. ಇಪ್ಪತ್ತು ವರ್ಷದ ವಾದ ಗೆದ್ದ ಹಾಗಿತ್ತು.

ಗೆದ್ದೆನೇ?

ಫ್ಲಾಪಿ ಡಬ್ಬಿ ಸಿಕ್ಕಿತು. ನನ್ನದೇ ಅಕ್ಷರದಲ್ಲಿ ಚೀಟಿ: ‘ಮೇಸ್ತ್ರಿ 1’, ‘ಮೇಸ್ತ್ರಿ 2’, ‘ಮೇಸ್ತ್ರಿ 3’. ಒಂದು ಫ್ಲಾಪಿಯಲ್ಲಿ ಹಿಡಿಸುವುದು 1.44 ಎಂಬಿ. ಇವತ್ತಿನ ಮೊಬೈಲಿನ ಒಂದು ಫೋಟೋಗೂ ಜಾಗ ಸಾಲದು. ಆದರೆ ಬರೀ ಅಕ್ಷರವಾದರೆ ಒಂದು ಪುಸ್ತಕವೇ ಹಿಡಿಸುತ್ತೆ. ಸೋನಿ ಕಂಪನಿ 2011ರಲ್ಲೇ ಫ್ಲಾಪಿ ಮಾರುವುದನ್ನು ನಿಲ್ಲಿಸಿತು. ಜಪಾನ್ ಸರ್ಕಾರ ಮಾತ್ರ ಕೆಲವು ಅರ್ಜಿಗಳನ್ನು ಫ್ಲಾಪಿಯಲ್ಲೇ ಕೊಡಬೇಕು ಅನ್ನುವ ನಿಯಮಗಳನ್ನು 2024ರಲ್ಲಿ ಪೂರ್ತಿ ಕೈಬಿಟ್ಟಿತು. ನಾನೊಬ್ಬನೇ ಅಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಹಳೇ ಸಿಪಿಯು ಆನ್ ಮಾಡಿದೆ. ‘ಟಪ್’ ಅಂತ ಸದ್ದು, ಸುಟ್ಟ ವಾಸನೆ. ಎರಡನೆಯದು ಮಿಸುಕಲಿಲ್ಲ. ಮೂರನೆಯದು ಎದ್ದಿತು, ಒಳಗಿನ ಪುಟ್ಟ ಬ್ಯಾಟರಿ ಸತ್ತು ತಾರೀಕು ಮರೆತಿತ್ತು. ಫ್ಲಾಪಿ ಹಾಕಿದೆ. ಕರಕರ ಅಂತ ಸ್ವಲ್ಪ ಹೊತ್ತು ಅಗಿದು, ‘ಇದು ಫಾರ್ಮ್ಯಾಟ್ ಆಗಿಲ್ಲ’ ಅಂದಿತು. ಎರಡನೆಯದೂ ಹಾಗೇ. ಮೂರನೆಯದರ ತಗಡಿನ ಮುಚ್ಚಳ ಸರಿಸಿ ನೋಡಿದರೆ ಒಳಗಿನ ಕಪ್ಪು ಬಿಲ್ಲೆಯ ಮೇಲೆ ಬಿಳಿ ಬೂಷ್ಟು. ಹೊರಗೆ ಬೇಸಿಗೆಯ ಕಾವು, ಮಳೆಗಾಲದಲ್ಲಿ ಬಾತ್‌ರೂಮಿನ ಗೋಡೆಯ ತೇವ. ಎಂಟು ವರ್ಷ ಹೀಗೇ ಕಳೆದಿತ್ತು. ಡಬ್ಬಿಯ ಮುಚ್ಚಳ ನಾನು ಒಮ್ಮೆಯೂ ತೆಗೆದಿರಲಿಲ್ಲ.

ಉಳಿದದ್ದು ಅಂಗಡಿಯ ಹಳೇ ಹಾರ್ಡ್ ಡಿಸ್ಕುಗಳು. ಅವನ್ನು ಈಗಿನ ಲ್ಯಾಪ್‌ಟಾಪಿಗೆ ಸೇರಿಸಲು ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಒಂದು ಕೇಬಲ್ ಬೇಕು. ಎರಡು ಸೂಟ್‌ಕೇಸು ತಲೆಕೆಳಗು ಮಾಡಿದೆ. ನೂರಾರು ವಯರು ಇದ್ದವು, ಬೇಕಾದ ಆ ಒಂದು ಇರಲಿಲ್ಲ. ಕೊನೆಗೆ ಮಗಳು ಆನ್‌ಲೈನಿನಲ್ಲಿ ತರಿಸಿದಳು. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಒಂದು ಡಿಸ್ಕು ಟಿಕ್ ಟಿಕ್ ಅಂದು ಸುಮ್ಮನಾಯಿತು. ಇನ್ನೊಂದು ತಿರುಗಿತು. ಹುಡುಕಿ ಹುಡುಕಿ ಮೇಸ್ತ್ರಿಯವರ ಹೆಸರಿನ ಫೋಲ್ಡರು ತೆರೆದೆ. ಎರಡು ಫೈಲು. ಕೈ ನಡುಗುತ್ತಿತ್ತು. ತೆರೆದರೆ ಪರದೆಯ ಮೇಲೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಕೊಂಬು, ಬಾಲ, ಚುಕ್ಕಿ.

ಹಳೇ ಡಿಟಿಪಿಯವರಿಗೆ ಇದು ಗೊತ್ತು. ಆಗ ನಾವು ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡುತ್ತಿದ್ದಾಗ ಕಂಪ್ಯೂಟರಿನೊಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ಫಾಂಟು ಇಲ್ಲದಿದ್ದರೆ ವೇಷ ಕಳಚಿತು. ಈಗ ಮೊಬೈಲಿನಲ್ಲಿ ನಾವು ಬಳಸುವ ಯೂನಿಕೋಡಿನಲ್ಲಿ ಹಾಗಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಬಂದ ಕನ್ನಡ ಫಾಂಟಿನ ಹೆಸರೇ ‘ತುಂಗಾ’. ಡ್ಯಾಮಿನ ದಂಡೆಯಲ್ಲೇ ಕೂತ ನಾನು ಮಾತ್ರ ಅಭ್ಯಾಸ ಬಲದಿಂದ ಹಳೇ ದಾರಿಯಲ್ಲೇ ವರ್ಷಗಟ್ಟಲೆ ಟೈಪ್ ಮಾಡಿದ್ದೆ.

ಇದಕ್ಕೆ ಪರಿಹಾರ ಇದೆ. ನುಡಿ, ಬರಹ ತಂತ್ರಾಂಶಗಳಲ್ಲೇ ಹಳೇ ಫೈಲನ್ನು ಯೂನಿಕೋಡಿಗೆ ಬದಲಿಸುವ ಸೌಲಭ್ಯ ಉಂಟು. ಮಗಳು ಅದನ್ನು ಮಾಡಿಕೊಟ್ಟಳು. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಜಾಗ ತಪ್ಪಿದ್ದವು. ಎರಡು ರಾತ್ರಿ ಕೂತು ತಿದ್ದಿದೆ. ಮೇಸ್ತ್ರಿಯವರ ದನಿ ಕೇಳಿದ ಹಾಗಾಯಿತು. ಹಳ್ಳಿಯಿಂದ ಬಂದ ಹುಡುಗ ಮೊದಲ ಸಲ ಗೇಟಿನ ತಗಡಿಗೆ ರಿವೆಟ್ ಹೊಡೆದದ್ದು, ಕೆಲಸ ಕಲಿಸಿದ ಹಿರಿಯರ ಬೈಗುಳ, ಬೇಸಿಗೆಯಲ್ಲಿ ನೀರು ಇಳಿದಾಗ ಚೈನಿನ ಕೊಂಡಿ ಕೊಂಡಿಯನ್ನೂ ಉಜ್ಜಿ ಗ್ರೀಸ್ ಹಚ್ಚುವ ಕೆಲಸ. ಕಣ್ಣಿಗೆ ಕಾಣುವ ಕೊಂಡಿಗಿಂತ ಕಾಣದ ಕೊಂಡಿಗೆ ಹೆದರಬೇಕು ಅಂತ ಒಂದು ಕಡೆ ಬರೆಸಿದ್ದರು.

ಎರಡು ಅಧ್ಯಾಯ ಸಿಕ್ಕವು. ಮೂರು, ನಾಲ್ಕು, ಐದು ಫ್ಲಾಪಿಯಲ್ಲಿ ಮಾತ್ರ ಇದ್ದವು. ಅವು ಹೋದವು.

ಅವರ ಮಗನಿಗೆ ಫೋನ್ ಮಾಡಿ ಹೇಳುವಾಗ ಗಂಟಲು ಕಟ್ಟಿತು. “ಇಷ್ಟಾದ್ರೂ ಸಿಕ್ತಲ್ಲ ಅಂಕಲ್” ಅಂದ ಪಾಪ. ನನಗೆ ಸಮಾಧಾನವಾಗಲಿಲ್ಲ. ಅಂಗಡಿ ಮುಚ್ಚಿದ ದಿನ ಆ ಮೂರು ಫ್ಲಾಪಿಯನ್ನು ಒಂದು ಪೆನ್‌ಡ್ರೈವಿಗೆ ಹಾಕಲು ಹತ್ತು ನಿಮಿಷ ಸಾಕಿತ್ತು. ನಾನು ಹಾಕಲಿಲ್ಲ, ಏಕೆಂದರೆ ಅವು ‘ನನ್ನ ಹತ್ತಿರ ಇದ್ದವು’. ಇಟ್ಟುಕೊಂಡಿದ್ದೆ, ನೋಡಿಕೊಂಡಿರಲಿಲ್ಲ. ಇವೆರಡೂ ಒಂದೇ ಅಂತ ಅಷ್ಟು ವರ್ಷ ತಿಳಿದಿದ್ದೆ.

ಹೂಳೆತ್ತಿದ್ದು

ಮುಂದಿನ ಭಾನುವಾರ ಯಾರೂ ಹೇಳದೆಯೇ ಕೋಣೆಗೆ ಇಳಿದೆ. ಅದರಲ್ಲಿ ಕಲಿತದ್ದನ್ನು ಓದುಗರಿಗೆ ಹೇಳಿಬಿಡುತ್ತೇನೆ.

ಮೊದಲು ಒಳಗೆ ಏನಿದೆ ಅಂತ ನೋಡಿ. ಆ ಹಾರ್ಡ್ ಡಿಸ್ಕಿನಲ್ಲಿ ಮೇಸ್ತ್ರಿಯವರ ಬರಹ ಹುಡುಕುವಾಗ ನನಗೆ ಇನ್ನೊಂದು ಗಾಬರಿಯಾಯಿತು. ಊರಿನವರ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನು, ಮದುವೆಗೆ ಅಂತ ಕೊಟ್ಟ ಹೆಣ್ಣುಮಕ್ಕಳ ಫೋಟೋ, ಎಲ್ಲ ಹಾಗೇ ಇದ್ದವು. ಗುಜರಿಗೆ ಕೊಟ್ಟಿದ್ದರೆ ಯಾರ ಕೈಗೆ ಹೋಗುತ್ತಿತ್ತೋ! ‘ಡಿಲೀಟ್’ ಒತ್ತಿದರೆ ಅಳಿಯುವುದಿಲ್ಲ, ಪುಸ್ತಕದ ಪರಿವಿಡಿಯನ್ನಷ್ಟೇ ಹರಿದ ಹಾಗೆ, ಪುಟಗಳು ಒಳಗೇ ಇರುತ್ತವೆ. ‘ಕ್ವಿಕ್ ಫಾರ್ಮ್ಯಾಟ್’ ಕೂಡ ಹಾಗೇ. ಬೇಕಾದ್ದನ್ನು ಎರಡು ಕಡೆ ನಕಲು ಮಾಡಿಕೊಂಡು, ಆಮೇಲೆ ಪೂರ್ತಿ ಫಾರ್ಮ್ಯಾಟ್ ಮಾಡಬೇಕು. ಈಗಿನ ವಿಂಡೋಸ್ ಆಗ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತೆ. ಗಂಟೆಗಟ್ಟಲೆ ಹಿಡಿಯುತ್ತೆ, ಹಿಡಿಯಲಿ. ಕೆಟ್ಟುಹೋದ ಡಿಸ್ಕುಗಳಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಡ್ರಿಲ್ ಹಾಕಿಸಿದೆ.

ಹೊಟ್ಟೆ ದಪ್ಪಗಿನ ಮಾನಿಟರನ್ನು ಮನೆಯಲ್ಲಿ ಒಡೆಯಬೇಡಿ. ಅದರ ಗಾಜಿನಲ್ಲಿ ಸೀಸ ಇರುತ್ತೆ, ಒಳಗೆ ನಿರ್ವಾತ. ಒಡೆದರೆ ಗಾಜು ಸಿಡಿಯಬಹುದು. ತಾಮ್ರಕ್ಕಾಗಿ ವಯರು ಸುಡುವುದನ್ನು ಊರಾಚೆ ನೋಡಿದ್ದೇನೆ. ಆ ಪ್ಲಾಸ್ಟಿಕ್ಕಿನ ಹೊಗೆ ವಿಷ, ಅದನ್ನು ಉಸಿರಾಡುವವರು ಬಹುತೇಕ ಬಡವರ ಮಕ್ಕಳು. ಯುಪಿಎಸ್ ಬ್ಯಾಟರಿಯನ್ನು ಬ್ಯಾಟರಿ ಅಂಗಡಿಯವರು ಹಳೆಯದಕ್ಕೆ ಬದಲಾಗಿ ತೆಗೆದುಕೊಳ್ಳುತ್ತಾರೆ. ಉಳಿದದ್ದಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆದಾರರು ಇದ್ದಾರೆ. ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ ‘ಇ-ಪರಿಸರ’ 2005ರಷ್ಟು ಹಿಂದೆಯೇ ಶುರುವಾಗಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ಇ-ತ್ಯಾಜ್ಯ ನಿಯಮಗಳಲ್ಲೂ ಹಳೇ ಸಾಮಾನಿನ ಮರುಬಳಕೆಯ ಹೊಣೆ ತಯಾರಕರ ಮೇಲೇ ಇದೆ. ಒಂದು ಮನೆಯ ಸಾಮಾನಿಗಾಗಿ ಯಾರೂ ಅಷ್ಟು ದೂರದಿಂದ ಬರಲಾರರು. ನಾನು ಹೊಸಪೇಟೆಯ ಪರಿಚಯದ ಕಂಪ್ಯೂಟರ್ ಅಂಗಡಿಯವರನ್ನು ಕೇಳಿದೆ. ಅವರ ಹತ್ತಿರವೂ ಗುಡ್ಡ ಇತ್ತು. ಎರಡೂ ಸೇರಿಸಿ ಒಂದು ಟೆಂಪೋ ಲೋಡು ಕಳಿಸಿದೆವು.

2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್ ಅಂತ ವಿಶ್ವಸಂಸ್ಥೆಯ ಲೆಕ್ಕ. ಸರಿಯಾದ ದಾರಿಯಲ್ಲಿ ಮರುಬಳಕೆಗೆ ಹೋದದ್ದು ಅದರ ಕಾಲು ಭಾಗವೂ ಅಲ್ಲ. ಟೋಕಿಯೊ ಒಲಿಂಪಿಕ್ಸಿನ ಸುಮಾರು 5,000 ಪದಕಗಳನ್ನು ಜಪಾನಿನ ಜನ ಕೊಟ್ಟ ಹಳೇ ಮೊಬೈಲು, ಕಂಪ್ಯೂಟರುಗಳಿಂದ ತೆಗೆದ ಲೋಹದಲ್ಲೇ ಮಾಡಿದ್ದರು. ಅದರಲ್ಲಿ ಚಿನ್ನವೇ 32 ಕಿಲೋ. ನೀರಜ್ ಚೋಪ್ರಾ ಕೊರಳಿಗೆ ಬಿದ್ದದ್ದೂ ಅದೇ ಪದಕ. ನಮ್ಮ ಬಾತ್‌ರೂಮಿನಲ್ಲಿ ಎಷ್ಟು ಇತ್ತೋ!

ಎಲ್ಲ ಕಳಿಸಿದೆ ಅಂದರೆ ಸುಳ್ಳಾಗುತ್ತೆ. ಒಂದು ಪೆಟ್ಟಿಗೆ ಉಳಿಸಿಕೊಂಡಿದ್ದೇನೆ. ಒಂದೊಂದು ಥರದ ವಯರು ಎರಡೆರಡು, ಹೊಸದಾಗಿ ತರಿಸಿದ ಐಡಿಇ ಕೇಬಲ್ಲು, ಎಸ್‌ಟಿಡಿ ಬೂತಿನ ಬಿಲ್ಲಿಂಗ್ ಮಷೀನು. ಪೆಟ್ಟಿಗೆ ತುಂಬಿದರೆ ಏನಾದರೂ ತೆಗೆದ ಮೇಲೆಯೇ ಇನ್ನೊಂದು ಹಾಕಬೇಕು ಅನ್ನುವುದು ಮಗಳ ಕಾಯಿದೆ. ಮೇಸ್ತ್ರಿಯವರ ಎರಡು ಅಧ್ಯಾಯ ಈಗ ಅವರ ಮಗನ ಹತ್ತಿರ, ನನ್ನ ಹತ್ತಿರ, ಮಗಳ ಹತ್ತಿರ ಇವೆ, ಕಾಗದದ ಮೇಲೂ ಇವೆ. ಪ್ರತಿ ಯುಗಾದಿಗೆ ಒಮ್ಮೆ ತೆರೆದು ನೋಡುವುದು ಅಂತ ಗೊತ್ತುಮಾಡಿಕೊಂಡಿದ್ದೇನೆ.

ಅಮ್ಮ ಗಣೇಶನ ಹಬ್ಬದ ಹಿಂದಿನ ದಿನ ಆ ಕೋಣೆಗೆ ಬಂದಳು. ಮಂಚ, ಪಕ್ಕದಲ್ಲಿ ನೀರಿನ ತಂಬಿಗೆ, ಕೈಗೆ ಎಟಕುವ ಹಾಗೆ ಗೋಡೆಗೆ ಹಿಡಿಕೆ. ಬಾಗಿಲು ಪೂರ್ತಿ ತೆರೆಯುತ್ತೆ. “ಇಲ್ಲಿ ಕಿಟಕಿ ಇತ್ತೇನೋ!” ಅಂದಳು.

ಮೊನ್ನೆ ಪಕ್ಕದ ಮನೆಯ ಹುಡುಗ ಬಂದ. “ಅಂಕಲ್, ವಿಜಿಎ ಕೇಬಲ್ ಇದ್ರೆ ಕೊಡ್ರಿ, ಕಾಲೇಜ್ ಪ್ರಾಜೆಕ್ಟಿಗೆ ಬೇಕಿತ್ತು. ನಾಳೆ ವಾಪಸ್ ತಂದುಕೊಡ್ತೀನಿ.”

ಪೆಟ್ಟಿಗೆಯಿಂದ ತೆಗೆದು ಕೊಟ್ಟೆ. “ವಾಪಸ್ ಬ್ಯಾಡಪ್ಪ, ನೀನೇ ಇಟ್ಕೋ” ಅಂದೆ.

ಅಡುಗೆಮನೆಯಲ್ಲಿ ಹೆಂಡತಿ ನಕ್ಕದ್ದು ಕೇಳಿಸಿತು.